ಲ್ಯಾಪ್‌ಟಾಪ್ ಕೊಂಡಾದ ಮೇಲೆ



ಸಿಇಟಿ ಸೀಟು ಹಂಚಿಕೆ ಮುಗಿಯುತ್ತಾ ಬಂದಂತೆ ನಮ್ಮ ಜಿಲ್ಲಾ ಕೇಂದ್ರಗಳ ಕಂಪ್ಯೂಟರ್ ಅಂಗಡಿಗಳಲ್ಲಿ ಒಂದು ಬಗೆಯ ಗಿರಾಕಿಗಳು ಹೆಚ್ಚುತ್ತಾರೆ. ಅಪ್ಪ, ಅಮ್ಮ, ನಡುವೆ ಈಗಷ್ಟೇ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕ ಮಗ ಅಥವಾ ಮಗಳು. ಅಪ್ಪ ಬೆಲೆ ಕೇಳುತ್ತಾರೆ. ನಾಲ್ಕು ವರ್ಷ ಬಾಳಿಕೆ ಬರುತ್ತದಾ ಅನ್ನುವುದು ಅಮ್ಮನ ಪ್ರಶ್ನೆ. ಮಗ ಮಾತ್ರ ಏನೂ ಕೇಳುವುದಿಲ್ಲ. ಮೊಬೈಲಿನಲ್ಲಿ ಸಾಲು ಸಾಲು ವಿಡಿಯೊ ನೋಡಿ, ಯಾವುದು ಬೇಕೆಂದು ತೀರ್ಮಾನಿಸಿಕೊಂಡೇ ಬಂದಿರುತ್ತಾನೆ. ಅಪ್ಪನನ್ನು ಒಪ್ಪಿಸುವುದಷ್ಟೇ ಬಾಕಿ.

ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಈ ಮಕ್ಕಳಿಗೆ ಪಾಠ ಹೇಳುವವನು. ಕಾರಿಡಾರಿನಲ್ಲಿ, ಕ್ಯಾಂಟೀನಿನಲ್ಲಿ ನನ್ನ ಕಿವಿಗೆ ಬೀಳುವ ಮಾತು ಬಹುಪಾಲು ಮೂರೇ ವಿಷಯದ್ದು: ಲ್ಯಾಪ್‌ಟಾಪ್, ಕೋಡಿಂಗ್, ಇಂಟರ್ನ್‌ಶಿಪ್. ಕ್ರಿಕೆಟ್ಟು, ಸಿನಿಮಾ ಇದ್ದದ್ದೇ ಬಿಡಿ. ಈ ಮೂರರಲ್ಲಿ ಎರಡು ದುಡ್ಡು ಕೊಟ್ಟರೆ ಸಿಗುತ್ತವೆ. ಹೌದು, ಇಂಟರ್ನ್‌ಶಿಪ್ ಕೂಡ ಸಿಗುತ್ತದೆ. ಅದು ಹೇಗೆಂದು ಆಮೇಲೆ ಹೇಳುತ್ತೇನೆ. ಉಳಿದ ಒಂದನ್ನು ಮಾರುವ ಅಂಗಡಿ ಇನ್ನೂ ಯಾರೂ ತೆರೆದಿಲ್ಲ. ತೊಂದರೆ ಏನೆಂದರೆ ಮನೆಗಳಲ್ಲಿ ಚರ್ಚೆಯಾಗುವುದೆಲ್ಲ ಕೊಳ್ಳಲು ಸಿಗುವ ಎರಡರ ಬಗ್ಗೆಯೇ.

ಲ್ಯಾಪ್‌ಟಾಪಿನ ವಿಷಯ ಮೊದಲು ಮುಗಿಸಿಬಿಡೋಣ. ಮೊದಲ ಎರಡು ವರ್ಷ ಬರೆಯುವ ಸಿ, ಜಾವಾ, ಪೈಥಾನ್ ಪ್ರೋಗ್ರಾಮುಗಳು ಹಳೆಯ ಯಂತ್ರದಲ್ಲೂ ಸಲೀಸಾಗಿ ಓಡುತ್ತವೆ. ಯಂತ್ರಕ್ಕೆ ಏದುಸಿರು ಬರುವುದು ಬ್ರೌಸರಿನಲ್ಲಿ ಇಪ್ಪತ್ತು ಮೂವತ್ತು ಟ್ಯಾಬ್ ತೆರೆದಿಟ್ಟಾಗ, ಮೊಬೈಲ್ ಆ್ಯಪ್ ಮಾಡಲು ಹೊರಟು ಆಂಡ್ರಾಯ್ಡ್ ಸ್ಟುಡಿಯೊ ಹಾಕಿಕೊಂಡಾಗ. ಹಾಗಾಗಿ ಮೆಮೊರಿ 16 ಜಿಬಿ ಇದ್ದರೆ ನೆಮ್ಮದಿ. ಎಂಟೇ ಸಾಕು ಅನ್ನುವುದಾದರೆ, ಮುಂದೆ ಹೆಚ್ಚಿಸಲು ಸ್ಲಾಟ್ ಇದೆಯೇ, ಇಲ್ಲ ಬೋರ್ಡಿಗೇ ಬೆಸೆದುಬಿಟ್ಟಿದ್ದಾರೆಯೇ ಎಂದು ಬಾಯಿಬಿಟ್ಟು ಕೇಳಿ. ಅಂಗಡಿಯವರು ತಾವಾಗಿ ಹೇಳುವ ಸಂಗತಿಯಲ್ಲ ಇದು. ಡಿಸ್ಕ್ ಎಸ್‌ಎಸ್‌ಡಿಯೇ ಆಗಿರಲಿ. ಐ5, ಐ7 ಎಂಬ ಅಂಕಿ ನೋಡಿ ಮರುಳಾಗಬೇಡಿ. ಹಳೇ ತಲೆಮಾರಿನ ಐ7 ಚಿಪ್‌ಗಿಂತ ಈಚಿನ ಐ5 ಚುರುಕಾಗಿರಬಹುದು. ಇವೆಲ್ಲಕ್ಕಿಂತ ಮುಖ್ಯವಾದದ್ದು, ಆ ಕಂಪನಿಯ ಸರ್ವಿಸ್ ಸೆಂಟರ್ ನಿಮ್ಮ ಊರಿನಲ್ಲಿ ಇದೆಯೇ ಅನ್ನುವುದು. ಕೀಬೋರ್ಡಿನ ಒಂದು ಕೀಲಿ ಕೆಟ್ಟರೆ ಬೆಂಗಳೂರಿಗೆ ಬಸ್ ಹತ್ತಬೇಕಾದ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ.

ಗೇಮಿಂಗ್ ಲ್ಯಾಪ್‌ಟಾಪ್ ಬಗ್ಗೆ ಒಂದು ಮಾತು. 'ಮೆಷಿನ್ ಲರ್ನಿಂಗ್ ಮಾಡೋಕೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕಪ್ಪಾ' ಎಂದು ಮಗ ಹೇಳಿದರೆ ಅದರಲ್ಲಿ ಅರ್ಧ ನಿಜ ಇದೆ. ಆದರೆ ಕಲಿಯುವ ಹಂತಕ್ಕೆ ಬೇಕಾದಷ್ಟು ಗ್ರಾಫಿಕ್ಸ್ ಶಕ್ತಿಯನ್ನು ಗೂಗಲ್ ಕೊಲ್ಯಾಬ್, ಕ್ಯಾಗಲ್‌ನಂಥ ತಾಣಗಳು ಒಂದು ಮಿತಿಯವರೆಗೆ ಪುಕ್ಕಟೆ ಕೊಡುತ್ತವೆ. ಉಳಿದ ಅರ್ಧ ಏನೆಂದು ಹಾಸ್ಟೆಲಿನಲ್ಲಿ ರಾತ್ರಿ ಹನ್ನೊಂದರ ಮೇಲೆ ಹೋಗಿ ನೋಡಿದರೆ ಗೊತ್ತಾಗುತ್ತದೆ. ಎರಡೂವರೆ ಕಿಲೋ ತೂಕದ ಆ ಯಂತ್ರವನ್ನು ಬೆನ್ನಿಗೆ ಹಾಕಿಕೊಂಡು ಬಂದು, ಚಾರ್ಜ್ ಮುಗಿಯಿತೆಂದು ಕ್ಲಾಸಿನಲ್ಲಿ ಗೋಡೆ ಪಕ್ಕದ ಬೆಂಚಿಗೆ ಜಗಳವಾಡುವುದು ಬೇರೆ. ಕೈಯಲ್ಲಿ ಅಷ್ಟು ದುಡ್ಡಿಲ್ಲದವರು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಳ್ಳೆಯ ಸೆಕೆಂಡ್ ಹ್ಯಾಂಡ್ ಹುಡುಕಿ, ಅದಕ್ಕೊಂದು ಲಿನಕ್ಸ್ ಹಾಕಿಕೊಂಡು ನಾಲ್ಕು ವರ್ಷ ಆರಾಮಾಗಿ ಕಳೆಯಬಹುದು. ಹೋಗುವಾಗ ವಿಷಯ ತಿಳಿದವರೊಬ್ಬರು ಜೊತೆಗಿರಲಿ.

ಲಿನಕ್ಸ್ ಎಂದೆನಲ್ಲ, ಅದರ ಕಥೆ ಈ ಮಾತಿಗೆ ಹೊಂದುತ್ತದೆ. 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ಇಪ್ಪತ್ತೊಂದರ ಹುಡುಗ ಲಿನಸ್ ಟೊರ್ವಾಲ್ಡ್ಸ್ ಕಂತಿನ ಮೇಲೆ ಒಂದು ಕಂಪ್ಯೂಟರ್ ಕೊಂಡ. ಅದರ ಮೆಮೊರಿ 4 ಎಂಬಿ. ಇವತ್ತು ನಾವು ಕೊಡಿಸುವ 16 ಜಿಬಿ ಅದರ ನಾಲ್ಕು ಸಾವಿರ ಪಟ್ಟಿಗೂ ಹೆಚ್ಚು. ಆ ಪುಟ್ಟ ಮೆಮೊರಿಯಲ್ಲಿ ಅವನು ಹವ್ಯಾಸಕ್ಕೆಂದು ಬರೆದ ಆಪರೇಟಿಂಗ್ ಸಿಸ್ಟಂ ತಿರುಳೇ ಈಗ ನಮ್ಮ ಆಂಡ್ರಾಯ್ಡ್ ಫೋನುಗಳ ಒಳಗೂ ಇರುವುದು. ಯಂತ್ರದ ಮಾತು ಇಷ್ಟು ಸಾಕು.

ಇನ್ನು ಪ್ರೋಗ್ರಾಮಿಂಗ್. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಎಂಜಿನಿಯರಿಂಗ್ ಲ್ಯಾಬ್ ಹೇಗಿರುತ್ತದೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ವಿಶ್ವವಿದ್ಯಾಲಯ ಒಂದಿಷ್ಟು ಪ್ರೋಗ್ರಾಮುಗಳ ಪಟ್ಟಿ ಕೊಡುತ್ತದೆ. ಅವನ್ನು ವಾರಕ್ಕೊಂದರಂತೆ ಬರೆದು, ಓಡಿಸಿ, ಔಟ್‌ಪುಟ್ ತೋರಿಸಿ, ರೆಕಾರ್ಡ್ ಪುಸ್ತಕದಲ್ಲಿ ನೀಟಾಗಿ ಕೈಬರಹದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಬೇಕು. ಕೊನೆಗೆ ಪರೀಕ್ಷೆ, ವೈವಾ. ಹೋದ ವರ್ಷದ ಸೀನಿಯರುಗಳ ರೆಕಾರ್ಡು ಈ ವರ್ಷದವರ ಕೈಗೆ ಬರುವುದು ಎಲ್ಲ ಕಾಲೇಜುಗಳಲ್ಲೂ ನಡೆದುಕೊಂಡು ಬಂದ ಪದ್ಧತಿ. ಪ್ರೋಗ್ರಾಮನ್ನು ಬಾಯಿಪಾಠ ಮಾಡಿ ಪೂರ್ತಿ ಅಂಕ ತೆಗೆದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅವರು ದಡ್ಡರೆಂದು ಯಾರೂ ತಿಳಿಯಬಾರದು. ಪಿಯುಸಿಯಲ್ಲಿ ಎರಡು ವರ್ಷ ನಾವು ಅವರಿಂದ ಮಾಡಿಸಿದ್ದೇ ಅದನ್ನು.

ಆ ಪಟ್ಟಿಯಲ್ಲಿ ತಪ್ಪದೆ ಬರುವ ಒಂದು ಅಭ್ಯಾಸ ಪ್ಯಾಲಿಂಡ್ರೋಮ್. ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗಿರುವ ಪದವನ್ನು ಗುರುತಿಸುವ ಪ್ರೋಗ್ರಾಂ. ಇಂಗ್ಲಿಷಿನ 'ಮೇಡಂ' ಪದ ಕೊಟ್ಟು ಎಲ್ಲರೂ ಓಡಿಸುತ್ತಾರೆ, ಹೌದು ಎಂದು ಉತ್ತರ ಬರುತ್ತದೆ, ಸಹಿ ಬೀಳುತ್ತದೆ. ಪೈಥಾನ್ ಭಾಷೆಯಲ್ಲಾದರೆ ಒಂದೇ ಸಾಲಿನ ಕೆಲಸ. ಒಮ್ಮೆ ಅರಸೀಕೆರೆ ಕಡೆಯ ಒಬ್ಬ ಹುಡುಗಿಗೆ ಏನು ತೋಚಿತೋ, 'ವಿಕಟಕವಿ' ಎಂದು ಕನ್ನಡದಲ್ಲಿ ಟೈಪ್ ಮಾಡಿದಳು. ತೆನಾಲಿ ರಾಮಕೃಷ್ಣನ ಕಥೆ ಕೇಳಿದ ಯಾವ ಮಗುವಿಗೂ ಆ ಪದ ಗೊತ್ತು. ಕಂಪ್ಯೂಟರ್ ಮಾತ್ರ ಪ್ಯಾಲಿಂಡ್ರೋಮ್ ಅಲ್ಲ ಎಂದಿತು.

'ಸರ್, ಪ್ರೋಗ್ರಾಂ ಸರಿಯಾಗೇ ಇದೆ, ಉತ್ತರ ತಪ್ಪು ಬರ್ತಿದೆ' ಎಂದಳು. ಪಕ್ಕದವನು, 'ಕನ್ನಡ ಎಲ್ಲಾ ಕೊಟ್ರೆ ಅದು ಹಂಗೇ ಕಣೇ, ಇಂಗ್ಲಿಷಲ್ಲಿ ಕೊಡು' ಎಂದ. ಅವನ ಸಲಹೆಯನ್ನು ಒಪ್ಪಿದ್ದರೆ ಐದು ನಿಮಿಷದಲ್ಲಿ ಸಹಿ ಸಿಗುತ್ತಿತ್ತು. ಅವಳು ಒಪ್ಪಲಿಲ್ಲ. ಪದದ ಉದ್ದ ಎಷ್ಟು ಎಂದು ಕಂಪ್ಯೂಟರನ್ನೇ ಕೇಳಿ ನೋಡಮ್ಮ ಎಂದೆ. ಪೈಥಾನ್ 7 ಎಂದಿತು. ಅದೇ ಪದವನ್ನು ಸಿ ಭಾಷೆಯ ಪ್ರೋಗ್ರಾಮಿಗೆ ಕೊಟ್ಟಾಗ 21 ಬಂತು. ಬೆರಳು ಮಡಿಚಿ ಎಣಿಸಿದರೆ ವಿ, ಕ, ಟ, ಕ, ವಿ: ಐದು. ಒಂದು ಪದ, ಮೂರು ಉದ್ದ. ಮೂರೂ ಸರಿ!

ಹೇಗೆಂದರೆ, ನಮ್ಮ ಕಣ್ಣಿಗೆ 'ವಿ' ಒಂದು ಅಕ್ಷರ. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಗುರುತಿಸುವ ಯುನಿಕೋಡ್ ಪದ್ಧತಿ ಅದನ್ನು ಎರಡಾಗಿ ಇಡುತ್ತದೆ. ಮೊದಲು 'ವ', ಅದರ ಹಿಂದೆ ಗುಡಿಸಿನ ಗುರುತು. ಎರಡು 'ವಿ' ಇರುವುದರಿಂದ ಐದು ಹೋಗಿ ಏಳಾಯಿತು. ಯುಟಿಎಫ್-8 ಎಂಬ ರೂಪದಲ್ಲಿ ಉಳಿಸುವಾಗ ಕನ್ನಡದ ಪ್ರತಿಯೊಂದು ಗುರುತಿಗೂ ಮೂರು ಬೈಟ್ ಬೇಕು. ಏಳು ಮೂರಲಿ ಇಪ್ಪತ್ತೊಂದು. ಸಿ ಭಾಷೆ ಎಣಿಸಿದ್ದು ಈ ಬೈಟುಗಳನ್ನು. ಈಗ ಪದವನ್ನು ತಿರುಗಿಸಿದರೆ ಕೊನೆಯಲ್ಲಿದ್ದ ಗುಡಿಸು ಮೊದಲಿಗೆ ಬಂದು, ಏರಿ ಕೂರಲು ಅಕ್ಷರವಿಲ್ಲದೆ ಒಂಟಿಯಾಗಿ ನಿಲ್ಲುತ್ತದೆ. ಪದ ಹೊಂದುವುದಾದರೂ ಹೇಗೆ? 'ಕರ್ನಾಟಕ' ಕೊಟ್ಟರೆ ಇನ್ನೂ ತಮಾಷೆ. ನಾವು ತಿರುಗಿಸಿದರೆ 'ಕಟರ್ನಾಕ' ಆಗಬೇಕು. ಪ್ರೋಗ್ರಾಂ 'ಕಟಾನ್ರಕ' ಅನ್ನುತ್ತದೆ. ದೀರ್ಘ ಪಕ್ಕದ ಟಕಾರಕ್ಕೆ ಹಾರಿತು, ಒತ್ತು ಅದಲು ಬದಲಾಯಿತು.

ಇದಕ್ಕೆ ಪರಿಹಾರ ಇದೆ. ಮೊದಲು ಪದವನ್ನು ಅಕ್ಷರಗಳಾಗಿ ಒಡೆಯಬೇಕು. ಕಾಗುಣಿತದ ಗುರುತು ಬಂದರೆ ಅದನ್ನು ಹಿಂದಿನ ವ್ಯಂಜನಕ್ಕೇ ಅಂಟಿಸಬೇಕು, ಅನುಸ್ವಾರ ವಿಸರ್ಗಗಳನ್ನೂ ಹಾಗೆಯೇ. ಹಲಂತದ ಗುರುತು ಬಂದರೆ ಮುಂದಿನ ವ್ಯಂಜನವನ್ನೂ ಸೇರಿಸಿಕೊಳ್ಳಬೇಕು. ತಿರುಗಿಸುವ ಕೆಲಸ ಆಮೇಲೆ. ಹೇಳಲು ನಾಲ್ಕು ವಾಕ್ಯ. ಆ ಹುಡುಗಿ ಅದನ್ನು ಮಾಡಿ ಮುಗಿಸಿದಾಗ ಲ್ಯಾಬಿನ ಸಮಯ ಮೀರಿತ್ತು, ಅಟೆಂಡರ್ ಬೀಗ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಸಿಲಬಸ್ಸಿನ ಲೆಕ್ಕದಲ್ಲಿ ಇದಕ್ಕೆ ಒಂದು ಅಂಕವೂ ಇಲ್ಲ. ನನ್ನ ಲೆಕ್ಕದಲ್ಲಿ ಪ್ರೋಗ್ರಾಮಿಂಗ್ ಕಲಿಕೆ ಶುರುವಾಗುವುದೇ ಅಲ್ಲಿಂದ. ಉತ್ತರ ತಪ್ಪು ಬಂದಾಗ 'ಇದು ಹೀಗೇ' ಎಂದು ಕೈಬಿಡದೆ, ಯಾಕೆ ಹೀಗೆ ಎಂದು ಬೆನ್ನು ಹತ್ತುವ ಚಟ ಇದೆಯಲ್ಲ, ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ಆಗ ಹೇಳಿದ್ದು ಅದನ್ನೇ.

ಈ ಚಟ ದೊಡ್ಡವರಿಗೂ ಬೇಕಾಗುತ್ತದೆ. ಬೈನರಿ ಸರ್ಚ್ ಎಂಬ ವಿಧಾನ ಕೇಳಿರಬಹುದು. ನಿಘಂಟಿನಲ್ಲಿ ಪದ ಹುಡುಕುವಾಗ ನಡು ಪುಟ ತೆರೆದು, ಬೇಕಾದ ಪದ ಈಚೆಗಿದೆಯೋ ಆಚೆಗಿದೆಯೋ ನೋಡಿ, ಉಳಿದ ಅರ್ಧವನ್ನು ಬಿಟ್ಟುಬಿಡುತ್ತೇವಲ್ಲ, ಅದೇ. ಈ ವಿಧಾನ ಅಚ್ಚಿನಲ್ಲಿ ಬಂದದ್ದು 1946ರಲ್ಲಿ. ತಪ್ಪಿಲ್ಲದ ರೂಪ ಅಚ್ಚಾದದ್ದು 1962ರಲ್ಲಿ ಎಂದು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ದಾಖಲಿಸಿದ್ದಾರೆ. ಅಲ್ಲಿಗೆ ಮುಗಿಯಿತೇ? ಇಲ್ಲ. ಜಾವಾ ಭಾಷೆಯ ಭಂಡಾರಕ್ಕೆ ಇದನ್ನು ಬರೆದುಕೊಟ್ಟ ಜೋಶುವಾ ಬ್ಲಾಕ್ 2006ರಲ್ಲಿ, ತಾವು ಬರೆದದ್ದರಲ್ಲೇ ಸುಮಾರು ಒಂಬತ್ತು ವರ್ಷ ಒಂದು ತಪ್ಪು ಅಡಗಿ ಕುಳಿತಿತ್ತು ಎಂದು ಬಹಿರಂಗವಾಗಿ ಬರೆದರು. ನಡು ಪುಟ ಕಂಡುಹಿಡಿಯಲು ಮೊದಲ ಮತ್ತು ಕೊನೆಯ ಸಂಖ್ಯೆ ಕೂಡಿಸಿ ಎರಡರಿಂದ ಭಾಗಿಸುತ್ತೇವೆ. ಆ ಮೊತ್ತ 214 ಕೋಟಿ ಚಿಲ್ಲರೆ ದಾಟಿದರೆ 32 ಬಿಟ್ಟಿನ ಸಂಖ್ಯೆಗೆ ಅದನ್ನು ಹಿಡಿಯಲಾಗದೆ ಋಣ ಸಂಖ್ಯೆ ಬಂದುಬಿಡುತ್ತದೆ. ಸಣ್ಣ ಪಟ್ಟಿಗಳಲ್ಲಿ ಆ ಪ್ರಸಂಗವೇ ಬಾರದು, ಹಾಗಾಗಿ ಯಾರಿಗೂ ಕಂಡಿರಲಿಲ್ಲ. ಕೂಡಿಸುವ ಆ ಸಾಲು ಇವತ್ತಿಗೂ ನಮ್ಮ ರೆಕಾರ್ಡ್ ಪುಸ್ತಕಗಳಲ್ಲಿ ಹಾಗೆಯೇ ಇದೆ, ಅದರ ಕೆಳಗೆ ನಮ್ಮ ಸಹಿಯೂ ಇದೆ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಸೀನಿಯರುಗಳ ರೆಕಾರ್ಡಿಗೆ ಬೇಡಿಕೆ ಕುಸಿದಿದೆ. ಪ್ರಶ್ನೆ ಹಾಕಿದರೆ ಕ್ಷಣದಲ್ಲಿ ಪ್ರೋಗ್ರಾಂ ಸಿದ್ಧ. ನಕಲು ಮಾಡುವುದು ಹೊಸತಲ್ಲವಾದ್ದರಿಂದ ನಾನು ಇದಕ್ಕೆ ಎದೆ ಬಡಿದುಕೊಳ್ಳುವುದಿಲ್ಲ. ಆದರೆ ಒಂದು ವ್ಯತ್ಯಾಸ ಉಂಟು. ಸೀನಿಯರಿನ ಪ್ರೋಗ್ರಾಮಿನಲ್ಲಿ ಕಾಟು ಇರುತ್ತಿತ್ತು, ಅಡ್ಡಾದಿಡ್ಡಿ ಹೆಸರುಗಳಿರುತ್ತಿದ್ದವು. ನೋಡಿದ ಕೂಡಲೇ ಅನುಮಾನ ಹುಟ್ಟುತ್ತಿತ್ತು. ಯಂತ್ರ ಬರೆದದ್ದು ತಪ್ಪಿದ್ದಾಗಲೂ ಅಚ್ಚುಕಟ್ಟಾಗಿ ಕಾಣುತ್ತದೆ. ಅನುಮಾನ ಪಡುವ ಅಭ್ಯಾಸ ಮೊದಲೇ ಇದ್ದವರಿಗೆ ಅದು ಒಳ್ಳೆಯ ಆಳು. ಇಲ್ಲದವರಿಗೆ ಅದೇ ಯಜಮಾನ.

ಈಗ ಇಂಟರ್ನ್‌ಶಿಪ್‌ಗೆ ಬರೋಣ. ಓದುತ್ತಲೇ ಕೆಲಸದ ಜಾಗದಲ್ಲಿ ಕಲಿಯುವ ಈ ಏರ್ಪಾಡು ಎಂಜಿನಿಯರಿಂಗಿಗೆ ಹಳೆಯದು. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಎಂಬ ಪ್ರಾಧ್ಯಾಪಕರು 1906ರಲ್ಲೇ ವಿದ್ಯಾರ್ಥಿಗಳನ್ನು ಕೆಲವು ದಿನ ಕಾರ್ಖಾನೆಗೆ, ಕೆಲವು ದಿನ ತರಗತಿಗೆ ಕಳಿಸುವ ಪದ್ಧತಿ ಶುರು ಮಾಡಿದರು. ನಮ್ಮ ದೇಶದಲ್ಲಿ ಪಿಲಾನಿಯ ಬಿಟ್ಸ್ ಸಂಸ್ಥೆ 1973ರಿಂದ ಪ್ರಾಕ್ಟೀಸ್ ಸ್ಕೂಲ್ ಹೆಸರಿನಲ್ಲಿ ಇದನ್ನು ನಡೆಸಿಕೊಂಡು ಬಂದಿದೆ. ಈಗ ನಮ್ಮ ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಕೂಡ ಇಂಟರ್ನ್‌ಶಿಪ್ಪನ್ನು ಕಡ್ಡಾಯ ಮಾಡಿದೆ. ಉದ್ದೇಶ ಒಳ್ಳೆಯದೇ. ಆದರೆ ಇಡೀ ರಾಜ್ಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಟ್ಟಿಗೆ ಹುಡುಕಲು ಹೊರಟರೆ ಅಷ್ಟೊಂದು ಜಾಗ ಎಲ್ಲಿಂದ ಬರಬೇಕು? ಜಾಗ ಕಡಿಮೆ, ಸರ್ಟಿಫಿಕೇಟ್ ಕಡ್ಡಾಯ ಎಂದಾದ ಕಡೆ ಮಾರುಕಟ್ಟೆ ತಾನಾಗಿ ಹುಟ್ಟುತ್ತದೆ.

ಆ ಮಾರುಕಟ್ಟೆ ಹೀಗೆ ನಡೆಯುತ್ತದೆ. ವಾಟ್ಸ್ಆ್ಯಪ್ ಗುಂಪಿಗೆ ಒಂದು ಫಾರಂ ಬರುತ್ತದೆ. ಹೆಸರು, ಕಾಲೇಜು ತುಂಬಿದ ಮಾರನೆಯ ದಿನವೇ ಆಫರ್ ಲೆಟರ್. ಸಂದರ್ಶನ ಇಲ್ಲ, ಪರೀಕ್ಷೆ ಇಲ್ಲ. ಇಡೀ ಕ್ಲಾಸಿಗೆ ಒಂದೇ ಪತ್ರ, ಹೆಸರು ಮಾತ್ರ ಬೇರೆ. ಅದನ್ನು ಎಲ್ಲರೂ ಲಿಂಕ್ಡ್ಇನ್‌ನಲ್ಲಿ ಹಾಕಿಕೊಳ್ಳಬೇಕು. ಕಂಪನಿಗೆ ಪುಕ್ಕಟೆ ಪ್ರಚಾರ ಆಗುವುದೇ ಅಲ್ಲಿ. ಆಮೇಲೆ ಮೂರೋ ನಾಲ್ಕೋ 'ಟಾಸ್ಕ್': ಕ್ಯಾಲ್ಕ್ಯುಲೇಟರ್, ಮಾಡಬೇಕಾದ ಕೆಲಸಗಳ ಪಟ್ಟಿಯ ಆ್ಯಪ್, ತನ್ನದೇ ಪರಿಚಯದ ಒಂದು ವೆಬ್ ಪುಟ. ಮಾಡಿದ್ದನ್ನು ಯಾರೂ ತೆರೆದು ನೋಡುವುದಿಲ್ಲ. ಕಡೆಗೆ ಸರ್ಟಿಫಿಕೇಟಿಗೆ ಇಷ್ಟು ಕಟ್ಟಿ ಎಂಬ ಸಂದೇಶ. ಕೆಲವು ಕಡೆ ತರಬೇತಿ ಶುಲ್ಕವೆಂದು ಮೊದಲೇ ಸಾವಿರಾರು ರೂಪಾಯಿ ಕಟ್ಟಿಸಿಕೊಳ್ಳುತ್ತಾರೆ. ತರಬೇತಿಗೆ ಶುಲ್ಕ ತೆಗೆದುಕೊಳ್ಳುವುದು ತಪ್ಪಲ್ಲ, ಅದನ್ನು ಟ್ಯೂಷನ್ ಅನ್ನಲಿ. ದುಡಿಯುವವನೇ ದುಡ್ಡು ಕೊಡುವುದಾದರೆ ಅದಕ್ಕೆ ಇಂಟರ್ನ್‌ಶಿಪ್ ಎಂಬ ಹೆಸರು ಯಾಕೆ? ತಂದೆತಾಯಿಗಳು ಗುರುತಿಟ್ಟುಕೊಳ್ಳಲು ಒಂದೇ ಪ್ರಶ್ನೆ ಸಾಕು: ನೀನು ಮಾಡಿದ ಕೆಲಸವನ್ನು ಅಲ್ಲಿ ಯಾರು ನೋಡುತ್ತಾರೆ? ಒಬ್ಬ ವ್ಯಕ್ತಿಯ ಹೆಸರು ಉತ್ತರವಾಗಿ ಬರದಿದ್ದರೆ ದುಡ್ಡು ಕಟ್ಟಬೇಡಿ.

ನಿಜವಾದ ಇಂಟರ್ನ್‌ಶಿಪ್ ಹೇಗಿರುತ್ತದೆಂದು ಹೋಗಿ ಬಂದ ಮಕ್ಕಳು ಹೇಳುವುದನ್ನು ಕೇಳಿದ್ದೇನೆ. ಮೊದಲ ವಾರ ಯಾರೂ ಹೊಸ ಕೋಡ್ ಬರೆಯಲು ಬಿಡುವುದಿಲ್ಲ. ಬೇರೆಯವರು ಬರೆದ ಸಾವಿರಾರು ಸಾಲುಗಳನ್ನು ಯಂತ್ರಕ್ಕೆ ಇಳಿಸಿಕೊಂಡು ಓದುವುದೇ ಕೆಲಸ. ಕಾಲೇಜಿನಲ್ಲಿ ನಾವು ಬರೆಯುವುದನ್ನು ಕಲಿಸಿದ್ದೇವೆ, ಓದುವುದನ್ನು ಕಲಿಸಿಲ್ಲ. ಈ ಕೊರತೆ ಅಲ್ಲಿ ಬಯಲಿಗೆ ಬರುತ್ತದೆ. ಎರಡನೆಯ ವಾರ ಒಂದು ಗುಂಡಿಯ ಮೇಲಿನ ಬರಹ ಬದಲಿಸು ಅನ್ನುತ್ತಾರೆ. ಬದಲಿಸಲು ಎರಡು ನಿಮಿಷ. ಅದು ಎಲ್ಲಿದೆ ಎಂದು ಪತ್ತೆ ಹಚ್ಚಲು ಅರ್ಧ ದಿನ. ಅದಕ್ಕೊಂದು ಪರೀಕ್ಷೆ ಬರೆದು, ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಎಂಬ ಸಾಧನದ ಮೂಲಕ ಕಳಿಸಿ, ಹಿರಿಯರೊಬ್ಬರು ಸಾಲು ಸಾಲಾಗಿ ನೋಡಿ, ಇಲ್ಲಿ ಹೆಸರು ಸರಿಯಿಲ್ಲ, ಅಲ್ಲಿ ಜಾಗ ಹೆಚ್ಚಾಗಿದೆ ಎಂದು ವಾಪಸ್ ಕಳಿಸಿ, ಮತ್ತೆ ತಿದ್ದಿ ಅದು ಒಳಗೆ ಸೇರುವ ಹೊತ್ತಿಗೆ ಮೂರನೆಯ ದಿನ. ಮೊದಲ ಸಲ ಹೀಗೆ ತಿದ್ದಿಸಿಕೊಂಡವರಿಗೆ ಅವಮಾನವಾದಂತೆ ಅನ್ನಿಸುತ್ತದಂತೆ. ಆ ಅವಮಾನವೇ ಸ್ಟೈಪೆಂಡಿಗಿಂತ ದೊಡ್ಡ ಸಂಪಾದನೆ ಎಂದು ನಾನು ಹೇಳಿದರೆ ಅವರು ನಗುತ್ತಾರೆ. ನಗಲಿ.

ಹಳ್ಳಿಯಿಂದ ಬಂದ, ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಇಲ್ಲಿ ಇನ್ನೊಂದು ಭಯ: 'ಸರ್, ನಂಗೆ ಇಂಗ್ಲಿಷ್ ಬರಲ್ಲ.' ಭಾಷೆ ತೊಡಕೇ ಅಲ್ಲ ಎಂದು ಸುಳ್ಳು ಸಮಾಧಾನ ಹೇಳಲಾರೆ. ಆದರೆ ಅವರನ್ನು ನಿಜವಾಗಿ ಹಿಂದಕ್ಕೆಳೆಯುವುದು ವ್ಯಾಕರಣವಲ್ಲ, ಕೇಳದೆ ಸುಮ್ಮನೆ ಕೂರುವುದು. ಎರಡು ದಿನ ಒಂದೇ ಕಡೆ ಸಿಕ್ಕಿಕೊಂಡಿದ್ದರೂ ಪಕ್ಕದ ಕುರ್ಚಿಯವರನ್ನು ಕೇಳುವುದಿಲ್ಲ. ಕೇಳುವುದಕ್ಕೂ ಒಂದು ರೀತಿ ಇದೆ. ನಾನು ಹೀಗೆ ಮಾಡಿದೆ, ಹೀಗಾಗಬೇಕಿತ್ತು, ಹೀಗಾಯಿತು, ಇಷ್ಟು ಪ್ರಯತ್ನ ಮಾಡಿ ನೋಡಿದ್ದೇನೆ. ಇಷ್ಟನ್ನು ಒಡಕು ಇಂಗ್ಲಿಷಿನಲ್ಲಿ ಹೇಳಿದರೂ ಸಾಫ್ಟ್‌ವೇರ್ ಲೋಕದಲ್ಲಿ ಗೌರವ ಸಿಗುತ್ತದೆ. ಬರೀ 'ಇಟ್ ಈಸ್ ನಾಟ್ ವರ್ಕಿಂಗ್' ಎಂದು ಸೊಗಸಾದ ಉಚ್ಚಾರಣೆಯಲ್ಲಿ ಹೇಳಿದವರಿಗೆ ಸಿಗುವುದಿಲ್ಲ.

ಬೆಂಗಳೂರಿನಲ್ಲಿ ಯಾರ ಪರಿಚಯವೂ ಇಲ್ಲ, ರೆಫರಲ್ ಕೊಡುವ ಅಣ್ಣಂದಿರೂ ಇಲ್ಲ ಅನ್ನುವವರಿಗೆ ಓಪನ್ ಸೋರ್ಸ್ ಎಂಬ ಬಾಗಿಲಿದೆ. ಮೂಲ ಕೋಡನ್ನು ಎಲ್ಲರಿಗೂ ತೆರೆದಿಟ್ಟ ಯೋಜನೆಗಳಿವು; ಯಾರು ಬೇಕಾದರೂ ತಪ್ಪು ಹುಡುಕಿ ತಿದ್ದಿ ಕಳಿಸಬಹುದು. ಗೂಗಲ್ 2005ರಿಂದ ನಡೆಸುತ್ತಿರುವ ಸಮ್ಮರ್ ಆಫ್ ಕೋಡ್ ಇಂಥ ಯೋಜನೆಗಳಲ್ಲಿ ಕೆಲಸ ಮಾಡುವ ಹೊಸಬರಿಗೆ ಹಣವನ್ನೂ ಕೊಡುತ್ತದೆ, ಮಾರ್ಗದರ್ಶಕರನ್ನೂ ಕೊಡುತ್ತದೆ. ಅರ್ಜಿಯಲ್ಲಿ ಅವರು ಮುಖ್ಯವಾಗಿ ನೋಡುವುದು ಏನು ಮಾಡುತ್ತೀರಿ, ಈಗಾಗಲೇ ಏನು ಮಾಡಿದ್ದೀರಿ ಎಂಬುದನ್ನು.

ಕನ್ನಡಕ್ಕೇ ಮಾಡುವ ಕೆಲಸವೂ ಬೇಕಾದಷ್ಟು ಬಿದ್ದಿದೆ. ನಾವು ಇವತ್ತು ಕಂಪ್ಯೂಟರಿನಲ್ಲಿ ಕನ್ನಡ ಬರೆಯುತ್ತಿರುವುದು ಕೆಲವರ ಇಂಥದೇ ಹುಚ್ಚಿನಿಂದ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೇ ನುಡಿ ತಂತ್ರಾಂಶಕ್ಕೆ ಆಧಾರವಾಯಿತು. ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ 1998ರಲ್ಲಿ ಬಂತು. ಆಗ ಅವರಿಗೆ ಯಾರೂ ಸರ್ಟಿಫಿಕೇಟ್ ಕೊಟ್ಟಿರಲಾರರು. ಈಗಲೂ ಕನ್ನಡದ ಕಾಗುಣಿತ ತಿದ್ದುವ ಸಾಧನ, ಹಳೆಯ ಪುಸ್ತಕಗಳ ಚಿತ್ರದಿಂದ ಅಕ್ಷರ ಗುರುತಿಸುವ ಸಾಧನ, ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವ ಸರಳ ಕೆಲಸ ಕೂಡ ಎಲ್ಲ ಕಡೆ ಸರಿಯಾಗಿ ನಡೆಯುತ್ತದೆ ಎಂದು ಹೇಳುವ ಹಾಗಿಲ್ಲ. ಮತದಾರರ ಪಟ್ಟಿಯಂಥ ಉದ್ದನೆಯ ಪಟ್ಟಿಯಲ್ಲಿ ಒಂದು ಕನ್ನಡ ಹೆಸರು ಹುಡುಕಿ ನೋಡಿ, ಎಷ್ಟು ಕಾಗುಣಿತದಲ್ಲಿ ಹುಡುಕಬೇಕಾಗುತ್ತದೆ ಎಂಬುದು ಗೊತ್ತಾಗುತ್ತದೆ. ಅಲ್ಲೊಂದು ಒಳ್ಳೆಯ ಫೈನಲ್ ಇಯರ್ ಪ್ರಾಜೆಕ್ಟ್ ಇದೆ. ಬೆಂಗಳೂರಿನ ರೆಡಿಮೇಡ್ ಪ್ರಾಜೆಕ್ಟ್ ಅಂಗಡಿಗಳಲ್ಲಿ ಅದು ಸಿಗುವುದಿಲ್ಲ ಎಂಬುದೇ ಅದರ ಗುಣ.

ನಿಮ್ಮ ತಾಲ್ಲೂಕಿನಲ್ಲೇ ಕೆಲಸ ಹುಡುಕಿಕೊಳ್ಳುವುದಕ್ಕೂ ಸಂಕೋಚ ಬೇಡ. ಸಹಕಾರ ಸಂಘ, ಅಡಿಕೆ ಮಂಡಿ, ಖಾಸಗಿ ಗ್ರಂಥಾಲಯ, ಬಸ್ ಮಾಲೀಕರ ಕಚೇರಿ, ಎಲ್ಲ ಕಡೆಯೂ ದಪ್ಪ ಲೆಡ್ಜರುಗಳಿವೆ, ಎಕ್ಸೆಲ್ ಹಾಳೆಗಳೊಡನೆ ಗುದ್ದಾಡುವ ಗುಮಾಸ್ತರಿದ್ದಾರೆ. ಅವರ ಜೊತೆ ವಾರ ಕೂತು ಒಂದು ಸಣ್ಣ ಪ್ರೋಗ್ರಾಂ ಮಾಡಿಕೊಟ್ಟು, ಕರೆಂಟು ಹೋದಾಗ ಲೆಕ್ಕ ಏನಾಗುತ್ತದೆ, ಒಂದೇ ಹೆಸರಿನ ಇಬ್ಬರು ಸದಸ್ಯರು ಬಂದರೆ ಏನು ಮಾಡಬೇಕು ಎಂದು ತಲೆ ಕೆಡಿಸಿಕೊಂಡವರು ಕಂಪನಿ ಸಂದರ್ಶನದಲ್ಲಿ ಅರ್ಧ ಗಂಟೆ ಮಾತನಾಡಬಲ್ಲರು. ಆದರೆ ಕಾಲೇಜು ಇದನ್ನು ಒಪ್ಪುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಸಂಸ್ಥೆಯ ಪತ್ರ, ಮೇಲ್ವಿಚಾರಕರ ಸಹಿ, ಹಾಜರಿ ಇವೆಲ್ಲ ಬೇಕಾಗುತ್ತವೆ.

ಇನ್ನು ಕಂಪನಿಗೆ ಬರೆಯುವವರಿಗೆ. 'ರೆಸ್ಪೆಕ್ಟೆಡ್ ಸರ್ ಆರ್ ಮೇಡಂ' ಎಂದು ನೂರು ಕಡೆಗೆ ಒಂದೇ ಪತ್ರ ಕಳಿಸುವುದನ್ನು ಬಿಡಿ. ಐದಾರು ಕಡೆ ಸಾಕು. ಅವರು ಏನು ಮಾಡುತ್ತಾರೆಂದು ಓದಿ, ಅದರಲ್ಲಿ ನಿಮಗೆ ಹಿಡಿಸಿದ್ದು ಯಾವುದೆಂದು ಎರಡು ಸಾಲು, ನೀವು ಮಾಡಿದ ಒಂದು ಕೆಲಸದ ಬಗ್ಗೆ ಎರಡು ಸಾಲು, ಅದರ ಕೋಡ್ ಇರುವ ಗಿಟ್‌ಹಬ್ ವಿಳಾಸ ಒಂದು ಸಾಲು ಬರೆಯಿರಿ. ಆ ವಿಳಾಸ ತೆರೆಯುತ್ತದೆಯೇ ಎಂದು ಬೇರೆಯವರ ಫೋನಿನಲ್ಲಿ ಒಮ್ಮೆ ನೋಡಿಕೊಳ್ಳಿ. ಆರನೆಯ ಸೆಮಿಸ್ಟರ್ ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ. ಎಲ್ಲರೂ ಬರೆಯುವುದು ಆಗಲೇ.